ಸ್ಪೀಕರ್ ಹೇಳಿದ ಮೇಲೆ

ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಅವನು ಬಾಯಿ ತೆರೆದರೆ ಸಾಕು, ತಿನ್ನುತ್ತಿದ್ದವರು ಡಬ್ಬಿ ಮುಚ್ಚಿ ಓಡುತ್ತಿದ್ದರು, ತೂಕಡಿಸುತ್ತಿದ್ದವರು ಒಂದೇ ಚಪ್ಪಲಿಯಲ್ಲಿ ಓಡುತ್ತಿದ್ದರು, ಯಾವ ಬಸ್ಸೂ ಹತ್ತಬೇಕಿಲ್ಲದವರು ಕೂಡ ಮುಂಜಾಗ್ರತೆಗೆ ಅಂತ ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತಿದ್ದರು. ಅಂಥ ಮನುಷ್ಯ ಮನೆಗೆ ಬಂದು "ಒಂದು ಲೋಟ ನೀರು" ಅಂದರೆ ನಲ್ಲಿಯೂ ತೊಟ್ಟಿಕ್ಕುತ್ತಿರಲಿಲ್ಲ. ಊರೆಲ್ಲ ಅವನನ್ನು ಅನೌನ್ಸರ್ ಅಂತ ಮರ್ಯಾದೆಯಿಂದ ಕರೆಯುತ್ತಿತ್ತು. ಹೆತ್ತ ತಾಯಿ "ಲೋ" ಅನ್ನುತ್ತಿದ್ದಳು. ಹೆಂಡತಿ "ರೀ" ಅನ್ನುತ್ತಿದ್ದಳು, ಆದರೆ ಆ "ರೀ"ಯೊಳಗೆ ಒಂದು "ಲೋ" ಕಾಲು ಮಡಚಿ ಕೂತಿರುವುದು ಅವನಿಗೆ ಗೊತ್ತಿತ್ತು.

ಇಷ್ಟು ವರ್ಷದ ಸೇವೆಯಲ್ಲಿ ಅನೌನ್ಸರ್ ಕಲಿತದ್ದು ಒಂದೇ ಪಾಠ. ಸ್ಪೀಕರ್ ಹೇಳಿದ ಮೇಲೆ ಮುಗಿಯಿತು. ಒಮ್ಮೆ ನಾಲಿಗೆ ತಪ್ಪಿ, ಎರಡನೇ ಪ್ಲಾಟ್‌ಫಾರಮ್ಮಿನ ಬಸ್ಸು ಆರನೆಯದರಲ್ಲಿದೆ ಅಂದುಬಿಟ್ಟಿದ್ದ. ಬಸ್ಸು ಜನರ ಮೂಗಿನ ಮುಂದೆಯೇ ಗುರ್ ಅನ್ನುತ್ತ ನಿಂತಿತ್ತು, ಬೋರ್ಡು ಎದ್ದು ಕಾಣುತ್ತಿತ್ತು, ಕಂಡಕ್ಟರ್ ಬಾಗಿಲಲ್ಲಿ ನಿಂತು ಗಂಟಲು ಹರಿದುಕೊಳ್ಳುತ್ತಿದ್ದ. ಆದರೂ ಅಷ್ಟೂ ಜನ ಆ ಕಂಡಕ್ಟರನನ್ನು ತಳ್ಳಿಕೊಂಡು ಆರನೆಯದಕ್ಕೆ ಓಡಿದರು. ಕೊನೆಗೆ ಕಂಡಕ್ಟರನಿಗೂ ಅನುಮಾನ ಬಂದು ಅವನೂ ಹಿಂದೆ ಓಡಿದ. ಅವತ್ತಿನಿಂದ ಅನೌನ್ಸರನೂ ಆ ಭಕ್ತರ ಸಾಲಿಗೆ ಸೇರಿದ. ಎಲ್ಲೇ ಸ್ಪೀಕರ್ ಮಾತಾಡಲಿ, ನಿಂತು ಕೇಳಿ, ಹೇಳಿದ್ದನ್ನು ಮಾಡುತ್ತಿದ್ದ. ತರಕಾರಿ ಗಾಡಿಯ ಸ್ಪೀಕರು "ಬನ್ನಿ, ತಗೊಳ್ಳಿ" ಅಂದರೆ ಹೋಗಿ ತಗೊಳ್ಳುತ್ತಿದ್ದ. ಅವರ ಮನೆಯಲ್ಲಿ ಕುಂಬಳಕಾಯಿ ಖಾಲಿಯಾದದ್ದನ್ನು ಯಾರೂ ನೋಡಿರಲಿಲ್ಲ.

ಇಂಥವನು ಹೋಮ್ ಥಿಯೇಟರ್ ಕೊಂಡ. ಐದು ಪುಟ್ಟ ಸ್ಪೀಕರು, ನೆಲದ ಮೇಲಿಡುವ ಒಂದು ದಪ್ಪ ಬೇಸ್ ಡಬ್ಬ, ಎಲ್ಲಕ್ಕೂ ಯಜಮಾನನಾಗಿ ದೀಪಗಳಿರುವ ಒಂದು ಪೆಟ್ಟಿಗೆ.

ಅಂಗಡಿಯವನು, "ಸಾರ್, ಜೋಡಿಸೋಕೆ ನಮ್ಮ ಹುಡುಗರನ್ನ ಕಳಿಸ್ತೀನಿ" ಅಂದ.

ಅನೌನ್ಸರ್ ನಕ್ಕ. ಮೀನಿಗೆ ಈಜು ಕಲಿಸುತ್ತೇನೆ ಅಂದರೆ ಮೀನು ಹೇಗೆ ನಗಬಹುದೋ ಹಾಗೆ. "ಸ್ವಾಮಿ, ನಾನು ಹಗಲೆಲ್ಲ ಇರೋದೇ ಸದ್ದಿನೊಳಗೆ. ನನಗೆ ಸ್ಪೀಕರ್ ಜೋಡಿಸೋಕೆ ಜನ ಬೇಕಾ?"

ನಿಲ್ದಾಣದಲ್ಲಿ ಅವನ ಕೆಲಸ ಒಂದು ಕೆಂಪು ಗುಂಡಿ ಒತ್ತುವುದು, ಮಾತಾಡುವುದು, ಗುಂಡಿ ಬಿಡುವುದು. ಇದನ್ನು ಅವನು ಅಂಗಡಿಯವನಿಗೆ ಹೇಳಲಿಲ್ಲ.

"ಹಾಗಾದ್ರೆ ಸುಲಭ ಸಾರ್. ವೈರು ಹಾಕಿ, ಸ್ವಿಚ್ ಒತ್ತಿ. ಆಮೇಲೆ ಅದೇ ಮಾತಾಡುತ್ತೆ. ಅದು ಹೇಳಿದ ಹಾಗೆ ಮಾಡ್ತಾ ಹೋಗಿ, ಅಷ್ಟೇ."

ಈ ಮಾತು ಅನೌನ್ಸರನ ಎದೆಯಲ್ಲಿ ಕಲ್ಲಿನ ಮೇಲೆ ಕೆತ್ತಿದ ಹಾಗೆ ಕೂತಿತು.

ಮನೆಯಲ್ಲಿ ಸ್ವಾಗತ ಬೇರೆ ರೀತಿ ಇತ್ತು. ಅವನು ಹಿಂದೆ ಜೋಡಿಸಿದ ಫ್ಯಾನು ಗಾಳಿಯನ್ನು ಸೀಲಿಂಗಿಗೆ ಬೀಸುತ್ತಿತ್ತು. ಅವನು ಕೂರಿಸಿದ ವಾಷಿಂಗ್ ಮೆಷಿನ್ ಒಗೆಯುತ್ತ ಒಗೆಯುತ್ತ ಬಚ್ಚಲಿನಿಂದ ಹೊರಟು ಬಾಗಿಲವರೆಗೆ ನಡೆದು ಬಂದಿತ್ತು. ಪ್ರತಿ ಸಲವೂ ಅಕ್ಕನ ಗಂಡ, ಅಂದರೆ ಭಾವ, ಜೇಬಿನಲ್ಲಿ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಬಂದು ಸರಿ ಮಾಡಿ, ಕಾಫಿ ಕುಡಿದು, ಒಂದು ಭಾಷಣ ಬಿಗಿದು ಹೋಗುತ್ತಿದ್ದರು. ಕಾಫಿಗಿಂತ ಭಾಷಣ ಕಹಿಯಾಗಿರುತ್ತಿತ್ತು.

"ನೋಡಿ, ಈ ಸಲ ನಿಮ್ಮ ಭಾವನ್ನ ಕರೆಯಲ್ಲ ನಾನು" ಅಂದಳು ಹೆಂಡತಿ. "ಅಂಗಡಿಗೇ ಫೋನ್ ಮಾಡಿದ್ದೀನಿ. ಬೀದಿ ದೀಪ ಹತ್ತೋ ಹೊತ್ತಿಗೆ ಗಾಡಿ ತರ್ತಾರೆ. ಅಷ್ಟರೊಳಗೆ ಇದರಿಂದ ಮನುಷ್ಯರ ಧ್ವನಿ ಬಂದ್ರೆ ಇರಲಿ. ಬರಲಿಲ್ವಾ, ಡಬ್ಬದ ಸಮೇತ ವಾಪಸ್. ನನಗೊಂದು ಮಿಕ್ಸಿ ಬರಲಿ."

"ಈಗಲೇ ಫೋನ್ ಮಾಡಿಬಿಟ್ಯಾ? ಇನ್ನೂ ಟೇಪು ಕೂಡ ಬಿಚ್ಚಿಲ್ಲ."

"ನಿಮ್ಮನ್ನ ಮದುವೆಯಾಗಿ ಎಷ್ಟು ವರ್ಷ ಆಯ್ತು?"

ಅನೌನ್ಸರ್ ಅಂಗಿಯ ತೋಳು ಮಡಚಿದ. ಹೋದರೆ ಬರೀ ಪೆಟ್ಟಿಗೆ ಹೋಗುವುದಿಲ್ಲ, ಸದ್ದಿನ ಮನುಷ್ಯ ಅನ್ನುವ ಹೆಸರೂ ಅದೇ ಗಾಡಿಯಲ್ಲಿ ಹೋಗುತ್ತದೆ.

ಪೆಟ್ಟಿಗೆಯ ಜೊತೆ ಬಂದ ಚಿತ್ರದಲ್ಲಿ ಮುಖವಿಲ್ಲದ ಮನುಷ್ಯನೊಬ್ಬ ಸೋಫಾದ ಮೇಲೆ ಕೂತಿದ್ದ, ಸುತ್ತಲೂ ಸ್ಪೀಕರುಗಳು. ಇವರ ಮನೆಯಲ್ಲಿ ಮುಖಗಳಿದ್ದವು, ಸೋಫಾ ಇರಲಿಲ್ಲ. ಆದ್ದರಿಂದ ಅನೌನ್ಸರ್ ಸ್ವಂತ ಬುದ್ಧಿ ಓಡಿಸಿದ. ಎಡಗಡೆಯದು ಬೀರುವಿನ ಮೇಲೆ ಹೋಯಿತು. ಬಲಗಡೆಯದರ ವೈರು ಫ್ರಿಜ್ಜಿನ ಹತ್ತಿರ ಮುಗಿದದ್ದರಿಂದ ಅದು ಫ್ರಿಜ್ಜಿನ ತಲೆಯೇರಿತು. ಹಿಂದಿನದೊಂದು ಅಮ್ಮನ ಕುರ್ಚಿಯ ಬೆನ್ನಿಗೆ, ಉಳಿದೆರಡು ಸಿಕ್ಕ ಮೊಳೆಗೆ.

"ಲೋ, ಹಿಂದೆ ಯಾರೋ ನಿಂತ ಹಾಗಾಗ್ತಿದೆ ಕಣೋ" ಅಂದಳು ಅಮ್ಮ.

"ಸದ್ದು ಸುತ್ತುವರಿದು ಬರಬೇಕಮ್ಮ."

"ಸುತ್ತುವರಿಯೋಕೆ ನಾನೇನು ಕಳ್ಳಿಯಾ?" ಅನ್ನುತ್ತ ಅಮ್ಮ ಬೇಸ್ ಡಬ್ಬವನ್ನು ಕಾಲಿನಿಂದ ಹತ್ತಿರ ಎಳೆದುಕೊಂಡು, ಅದರ ಮೇಲೆ ಎರಡೂ ಪಾದವಿಟ್ಟು ಸುಖವಾಗಿ ಕೂತಳು. ಅಷ್ಟರಮಟ್ಟಿಗೆ ಆ ಯಂತ್ರ ಆಗಲೇ ಉಪಯೋಗಕ್ಕೆ ಬಂದಿತ್ತು. ನಡುಮನೆಗೆ ಅಡ್ಡಲಾಗಿ ಹೋದ ವೈರಿನ ಮೇಲೆ ಹೆಂಡತಿ ಕೈ ಒರೆಸುವ ಬಟ್ಟೆ ಒಣಹಾಕಿದಳು. ಅದು ಎರಡನೆಯ ಉಪಯೋಗ.

ಸ್ವಿಚ್ ಒತ್ತಿದ. ಟಿವಿಯಲ್ಲಿ ಯಾರೋ ಯಾರನ್ನೋ ಬೈಯುತ್ತಿದ್ದರು. ತುಟಿ ಆಡುತ್ತಿತ್ತು, ಕೈ ಆಡುತ್ತಿತ್ತು, ಕಣ್ಣಲ್ಲಿ ನೀರೂ ಬಂತು. ಸದ್ದು ಮಾತ್ರ ಇಲ್ಲ.

"ಚೆನ್ನಾಗಿದೆ" ಅಂದಳು ಹೆಂಡತಿ. "ಇದನ್ನ ನಿಮಗೂ ಹಾಕಿಸೋಕೆ ಆಗುತ್ತಾ?"

ಅನೌನ್ಸರ್ ವೈರು ಕಿತ್ತ, ಹಾಕಿದ, ಊದಿದ, ಒರೆಸಿದ. ಕೆಂಪನ್ನು ಕಪ್ಪಿಗೆ ಹಾಕಿದ, ಕಪ್ಪನ್ನು ಕೆಂಪಿಗೆ ಹಾಕಿದ, ಎರಡಕ್ಕೂ ಸಮಾಧಾನ ಹೇಳಿದ. ಕೊನೆಗೆ ರಿಮೋಟಿನ ಗುಂಡಿಗಳನ್ನು ಮೇಲಿನಿಂದ ಕೆಳಗೆ ಒಂದೂ ಬಿಡದೆ ಒತ್ತಿದ. ಪೆಟ್ಟಿಗೆಯ ಮೇಲೆ ಕೆಂಪು ದೀಪ ಹೋಗಿ ಹಸಿರು ಬಂತು, ಹಸಿರು ಹೋಗಿ ನೀಲಿ ಬಂತು. ನೀಲಿ ಮಿಣಮಿಣ ಅಂತ ಕಣ್ಣು ಹೊಡೆಯತೊಡಗಿತು.

ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು. ರಾತ್ರಿ ಸಿನಿಮಾ ನೋಡಲು ಬರಬೇಕಿದ್ದ ಅಕ್ಕ, ಭಾವ ಸಂಜೆಯೇ ಬಂದಿದ್ದರು. ಭಾವ ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದುವವರು. ದೊಡ್ಡ ಚೌಕಳಿಯ ಅಂಗಿ ತೊಟ್ಟಿದ್ದರು. ಜೇಬಿನಲ್ಲಿ ಸ್ಕ್ರೂಡ್ರೈವರ್ ಮಿಂಚುತ್ತಿತ್ತು.

"ಏನಯ್ಯ, ಮೂಕಿ ಸಿನಿಮಾನಾ?" ಅಂದರು ಭಾವ, ಟಿವಿ ನೋಡಿ. "ಸರಿ, ಜರುಗು. ಕರೆಂಟು ಎಲ್ಲಿ ತಪ್ಪಿದೆ ನೋಡ್ತೀನಿ."

"ಮುಟ್ಟಬೇಡಿ ಭಾವ. ಇದು ಕರೆಂಟಲ್ಲ, ಸದ್ದು."

"ಸದ್ದು ಬರೋದು ಕರೆಂಟಿನಿಂದ ಕಣಯ್ಯ."

"ಕರೆಂಟು ಎಮ್ಮೆ, ಸದ್ದು ಹಾಲು. ಎಮ್ಮೆ ಮೇಯಿಸೋರಿಗೆಲ್ಲ ಹಾಲು ಕರೆಯೋಕೆ ಬರಲ್ಲ."

ಭಾವನ ಮೀಸೆ ಅಲುಗಿತು. ಅವರು ಬಾಯಿ ತೆರೆಯುವಷ್ಟರಲ್ಲಿ ನೀಲಿ ದೀಪ ಕಣ್ಣು ಹೊಡೆಯುವುದನ್ನು ನಿಲ್ಲಿಸಿ ಸ್ಥಿರವಾಯಿತು. ಟಿಣ್ ಅಂತ ಒಂದು ಗಂಟೆ. ಆಮೇಲೆ ಬೀರುವಿನ ಮೇಲಿನಿಂದ, ಫ್ರಿಜ್ಜಿನ ಮೇಲಿನಿಂದ, ಅಮ್ಮನ ಬೆನ್ನಿನಿಂದ, ಒಂದೇ ಸಲಕ್ಕೆ ಹೆಂಗಸಿನ ಧ್ವನಿಯೊಂದು ಜೇನಿನ ಹಾಗೆ ಇಳಿಯಿತು.

"ಎಲ್ಲರಿಗೂ ನಮಸ್ಕಾರ. ನನ್ನ ಧ್ವನಿ ಚೆನ್ನಾಗಿ ಕೇಳಿಸ್ತಿದೆಯಾ?"

ಅನೌನ್ಸರನ ಕಣ್ಣು ತುಂಬಿತು. "ಕೇಳಿಸ್ತಿದೆ" ಅಂದ, ಕೈ ಮುಗಿದು.

"ಒಳ್ಳೇದು. ಎಲ್ಲರೂ ಕುರ್ಚಿ ಮೇಲೆ ನೇರವಾಗಿ ಕೂತ್ಕೊಳ್ಳಿ. ನಾನು ಹೇಳಿದ ಹಾಗೆ ಮಾಡ್ತಾ ಹೋಗಿ."

"ಅಂಗಡಿಯವನು ಹೇಳಿದ ಮಾತೇ ಇದು" ಅಂದ ಅನೌನ್ಸರ್. "ಇದೇ ಜೋಡಣೆ. ಕೂತ್ಕೊಳ್ಳಿ, ಎಲ್ಲರೂ ಕೂತ್ಕೊಳ್ಳಿ. ಎಷ್ಟು ಜನ, ಯಾರ ಕಿವಿ ಎಷ್ಟು ಎತ್ತರ ಅಂತ ಅದು ಅಳತೆ ತಗೊಳ್ಳುತ್ತೆ."

ಅಕ್ಕ ಕೂತಳು. ಅಮ್ಮ ಆಗಲೇ ಕೂತಿದ್ದಳು, ಇನ್ನಷ್ಟು ಕೂತಳು. ಭಾವ ಕೂತರು, ಆದರೆ ಕೈ ಕಟ್ಟಿಕೊಂಡು, ಸಾಲ ಕೇಳಲು ಬಂದವನೆದುರು ಕೂರುವ ಹಾಗೆ.

"ಕತ್ತನ್ನ ನಿಧಾನವಾಗಿ ಎಡಕ್ಕೆ ತಿರುಗಿಸಿ. ಹಾಗೇ ಇರಿ. ಈಗ ಬಲಕ್ಕೆ."

"ಎಡ ಸ್ಪೀಕರ್, ಬಲ ಸ್ಪೀಕರ್" ಅಂತ ಅನೌನ್ಸರ್ ಕತ್ತು ತಿರುಗಿಸುತ್ತಲೇ ಪಿಸುಗುಟ್ಟಿದ. "ನಾನು ಹೇಳಲಿಲ್ವಾ?"

"ಬಲಗೈ ಮೇಲೆತ್ತಿ. ಇನ್ನೂ ಮೇಲೆ. ಸೂರು ಮುಟ್ಟೋ ಹಾಗೆ."

"ಇದ್ಯಾಕೋ?" ಅಂದಳು ಅಮ್ಮ, ಕೈಯೆತ್ತಿ.

"ಸದ್ದು ಗೋಡೆಗೆ ಬಡಿದು ವಾಪಸ್ ಬರುವಾಗ ಕೈ ಎಷ್ಟು ಅಡ್ಡ ಬರುತ್ತೆ ಅಂತ ಲೆಕ್ಕ ಅಮ್ಮ."

"ಸದ್ದಿಗೂ ಕೈಗೂ ಏನಯ್ಯ ಸಂಬಂಧ?" ಅಂದರು ಭಾವ. "ಇದೆಲ್ಲ ತಲೆಬುಡ ಇಲ್ಲದ..."

"ಆ ಚೌಕಳಿ ಶರ್ಟಿನವರು" ಅಂದಿತು ಸ್ಪೀಕರ್. "ನೀವು ಕೈ ಕಟ್ಕೊಂಡು ಸುಮ್ಮನೆ ಕೂತಿದ್ದೀರ. ನನಗೆ ಕಾಣಿಸ್ತಿದೆ."

ಭಾವ ತಮ್ಮ ಶರ್ಟನ್ನು ಒಮ್ಮೆ ನೋಡಿಕೊಂಡರು. ಚೌಕಳಿಗಳು ಎಲ್ಲಿಗೂ ಓಡಿಹೋಗಿರಲಿಲ್ಲ. ಅವರು ಬೀರುವಿನ ಮೇಲಿನ ಸ್ಪೀಕರನ್ನು ನೋಡಿದರು, ಫ್ರಿಜ್ಜಿನ ಮೇಲಿನದನ್ನು ನೋಡಿದರು. ಆಮೇಲೆ, ನೂರಾರು ಮನೆಗಳ ಮೀಟರಿಗೆ ಹೆದರದ ಆ ಕೈ ನಿಧಾನವಾಗಿ ಮೇಲೇರಿತು.

"ಹಾಂ, ಈಗ ಚೆನ್ನಾಗಿದೆ" ಅಂದಿತು ಸ್ಪೀಕರ್. "ಆದ್ರೆ ಹೊಟ್ಟೆ ಒಳಗೆ ಎಳ್ಕೊಳ್ಳಿ."

ಭಾವ ಹೊಟ್ಟೆ ಎಳೆದುಕೊಂಡರು. ಅದನ್ನು ಎಳೆದುಕೊಳ್ಳಿ ಅಂತ ಅಕ್ಕ ವರ್ಷಗಟ್ಟಲೆ ಹೇಳಿ ಸೋತಿದ್ದಳು. ಅವಳು ಸ್ಪೀಕರಿನ ಕಡೆ ಭಕ್ತಿಯಿಂದ ನೋಡಿದಳು.

ಇದೇ ಗಳಿಗೆಯಲ್ಲಿ ಕಟ್ಟಡದ ಸೆಕ್ರೆಟರಿ ಬಂದರು. ಅವರಿಗೆ ನಿಯಮವೆಂದರೆ ಪ್ರಾಣ. ಮೆಟ್ಟಿಲಲ್ಲಿ ಸೈಕಲ್ ಇಟ್ಟವರನ್ನು ಕನಸಿನಲ್ಲೂ ಬೈಯುತ್ತಿದ್ದರಂತೆ. ಬಾಗಿಲಲ್ಲೇ ನಿಂತು, "ಏನ್ರೀ ಇದು, ರಜಾ ದಿನ ಸಂಜೆ ಇಷ್ಟು ಜೋರಾಗಿ..." ಅಂತ ಶುರು ಮಾಡಿದವರು, ಕೈಯೆತ್ತಿ ಕೂತ ಇಡೀ ಸಂಸಾರವನ್ನು ನೋಡಿ ಮಾತು ನುಂಗಿದರು.

"ಶ್" ಅಂದರು ಭಾವ, ಹೊಟ್ಟೆ ಬಿಡದೆ. "ಬೇಗ ಕೂತ್ಕೊಳ್ಳಿ. ಅದಕ್ಕೆ ಕಾಣಿಸುತ್ತೆ."

"ಯಾವುದಕ್ಕೆ?"

"ಹೊಸದಾಗಿ ಸೇರ್ಕೊಂಡವರು ಗಾಬರಿಯಾಗಬೇಡಿ" ಅಂದಿತು ಸ್ಪೀಕರ್. "ಎಲ್ಲಾದ್ರೂ ಜಾಗ ಮಾಡ್ಕೊಂಡು ಕೂತ್ಕೊಳ್ಳಿ."

ಸೆಕ್ರೆಟರಿ ಬೀಗದ ಕೈ ಗೊಂಚಲಿನ ಸಮೇತ ಮಣೆಯ ಮೇಲೆ ಕೂತು ಕೈಯೆತ್ತಿದರು. ಅವರ ಜೀವನದಲ್ಲಿ ದೂರು ಕೊಡಲು ಹೋಗಿ ದೂರು ಕೊಡದೆ ಕೂತದ್ದು ಇದೇ ಮೊದಲು.

ಎರಡೂ ಕೈ ಆಯಿತು. ಬಲಗಾಲು ಮುಂದಕ್ಕೆ ಚಾಚಿದ್ದಾಯಿತು. "ಕಾಲು ನೆಲದ ಸದ್ದಿಗೆ" ಅಂದ ಅನೌನ್ಸರ್. ಭುಜ ತಿರುಗಿಸಿದ್ದಾಯಿತು. "ಇದು ಸದ್ದು ಸುತ್ತೋದಕ್ಕೆ." ಹೀಗೆ ಅವನು ವಿವರಿಸುತ್ತ ಹೋದ ಹಾಗೆ ಸೆಕ್ರೆಟರಿ ತಲೆಯಾಡಿಸುತ್ತ, "ಕಟ್ಟಡಕ್ಕೂ ಒಂದು ಇಂಥದ್ದು ಹಾಕಿಸಬೇಕು" ಅಂದರು.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಅವಳಿಗೆ ಇದರಲ್ಲಿ ಏನೋ ಸರಿಯಿಲ್ಲ ಅನ್ನಿಸಿತ್ತು. ಹುಬ್ಬು ಗಂಟಿಕ್ಕಿ ಬಾಯಿ ತೆರೆದಳು. ಆಗ ಧ್ವನಿ ಇನ್ನಷ್ಟು ಮೆತ್ತಗಾಯಿತು.

"ಈಗ ಏನೂ ಮಾಡಬೇಡಿ. ನಿಂತಿರೋರು ಕೂತ್ಕೊಳ್ಳಿ. ಒಲೆ ಮೇಲೆ ಏನಾದ್ರೂ ಇದ್ರೆ ಆರಿಸಿ ಬನ್ನಿ. ಯಾರು ಕರೆದ್ರೂ ಏಳಬೇಡಿ. ಬೆಳಿಗ್ಗೆಯಿಂದ ದುಡಿದಿದ್ದೀರ, ಸುಸ್ತಾಗಿದೆ ಅಂತ ನನಗೆ ಗೊತ್ತು. ಕಣ್ಣು ಮುಚ್ಚಿ ಸುಮ್ಮನೆ ಕೂತ್ಕೊಳ್ಳಿ."

ಹೆಂಡತಿ ಸ್ಪೀಕರಿನ ಕಡೆ ನೋಡಿದಳು. ಸೌಟಿನ ಕಡೆ ನೋಡಿದಳು. ಒಳಗೆ ಹೋಗಿ ಒಲೆ ಆರಿಸಿ ಬಂದಳು. ಕಿಟಕಿಯ ಪಕ್ಕದ ಕುರ್ಚಿ, ಮನೆಗೆ ಬಂದವರೆಲ್ಲ ಕೂರುವ ಕುರ್ಚಿ, ಅವಳು ದಿನಾ ಒರೆಸುವ ಕುರ್ಚಿ, ಅದರಲ್ಲಿ ಕೂತು ಕಣ್ಣು ಮುಚ್ಚಿದಳು.

"ಈಗ ಅದು ಒಳಗೊಳಗೇ ಲೆಕ್ಕ ಹಾಕ್ತಿದೆ" ಅಂತ ಅನೌನ್ಸರ್ ಪಿಸುಗುಟ್ಟಿದ. "ಇನ್ನೇನು, ಟಿವಿಗೆ ಸದ್ದು ಬಂದೇ ಬರುತ್ತೆ."

ಬಂದದ್ದು ಮೇಲಿನ ಮನೆಯ ಪೋಸ್ಟ್‌ಮಾಸ್ಟರು. ನಿವೃತ್ತರಾಗಿ ಸೊಂಟ ನೋವು ಹಿಡಿಸಿಕೊಂಡಿದ್ದವರು. ಚಡ್ಡಿ ಹಾಕಿ, ಹೆಗಲಿಗೆ ಟವೆಲ್ ಹಾಕಿ, ಕಿವಿಗೆ ಎರಡು ಬಿಳಿ ಗುಂಡಿ ಸಿಕ್ಕಿಸಿಕೊಂಡು, ಕೈಯಲ್ಲಿ ಫೋನು ಹಿಡಿದು ಮೆಟ್ಟಿಲಿಳಿದು ಬಂದಿದ್ದರು. ಕಿವಿ ಮುಚ್ಚಿದ್ದರಿಂದ ಅವರ ಧ್ವನಿ ಊರಿಗೆಲ್ಲ ಕೇಳುವ ಹಾಗಿತ್ತು.

"ಅನೌನ್ಸರೇ, ನೀವು ಸದ್ದಿನವರಲ್ವಾ, ಸ್ವಲ್ಪ ನೋಡಿ. ಮಗಳು ಈ ಹೊಸ ಕಿವಿಗುಂಡಿ ಕಳಿಸಿದ್ದಾಳೆ, ವೈರೇ ಇಲ್ಲ. ಫೋನಲ್ಲಿ ಹೆಸರು ಬರುತ್ತೆ, ಒತ್ತಿ ಅಂದ್ಲು. ಒಂದು ಹೆಸರು ಬಂತು, ಒತ್ತಿದೆ. ಆಗಿನಿಂದ ನಮ್ಮ ವ್ಯಾಯಾಮದ ಮೇಡಂ ಬಾಯಿ ಆಡಿಸ್ತಾರೆ, ಒಂದಕ್ಷರ ಕೇಳಿಸ್ತಿಲ್ಲ. ನನ್ನ ಸೊಂಟದ ಕ್ಲಾಸು ಹಾಳಾಯ್ತು."

ಫೋನನ್ನು ಎತ್ತಿ ತೋರಿಸಿದರು. ಅದರಲ್ಲಿ ಒಬ್ಬ ಹೆಂಗಸು ಕುರ್ಚಿಯ ಮೇಲೆ ಕೂತು ತುಟಿ ಆಡಿಸುತ್ತಿದ್ದರು. ಅವರ ತುಟಿ ಆಡಿದ ಹಾಗೆ ಬೀರುವಿನ ಮೇಲಿನಿಂದ, "ನಿಧಾನವಾಗಿ ಕಣ್ಣು ತೆರೀರಿ" ಅಂತ ಕೇಳಿತು.

ಎಲ್ಲರೂ ಕಣ್ಣು ತೆರೆದರು. ಹೀಗೆ ಕಣ್ಣು ತೆರೆಯುತ್ತದೆ ಅಂತ ಯಾರೂ ಎಣಿಸಿರಲಿಲ್ಲ.

ಪೋಸ್ಟ್‌ಮಾಸ್ಟರು ಒತ್ತಿದ್ದು ಕಿವಿಗುಂಡಿಯ ಹೆಸರಲ್ಲ, ಈ ಪೆಟ್ಟಿಗೆಯದು ಅಂತ ಮೊದಲು ಅರ್ಥವಾದದ್ದು ಭಾವನಿಗೆ. ಅವರು ಎದ್ದು ಬಂದು ಫೋನಿಗೆ ಮೂಗು ತಾಗಿಸಿ ನೋಡಿದರು. ತೆರೆಯ ಮೂಲೆಯಲ್ಲಿ ಅಂಚೆಚೀಟಿಗಳ ಹಾಗೆ ಸಾಲಾಗಿ ಕೂತ ಮುಖಗಳ ನಡುವೆ ಚೌಕಳಿ ಶರ್ಟಿನ ದಢೂತಿ ಮನುಷ್ಯನೊಬ್ಬ ಕೈ ಕಟ್ಟಿಕೊಂಡು ಆಕಳಿಸುತ್ತಿದ್ದ. ಭಾವ ಅವನನ್ನು ಜನ್ಮದ ಶತ್ರುವನ್ನು ನೋಡುವ ಹಾಗೆ ನೋಡಿದರು. ಅಷ್ಟು ಹೊತ್ತು ಹಿಡಿದಿಟ್ಟ ಹೊಟ್ಟೆ ಒಮ್ಮೆಲೇ ಹೊರಬಂತು.

"ಅನೌನ್ಸರೇ" ಅಂದರು. ಯಾವತ್ತೂ ಅವನನ್ನು ಹಾಗೆ ಕರೆದವರಲ್ಲ. "ಇದೇನಾ ನಿಮ್ಮ ಹಾಲು? ಇದು ಮೇಲಿನ ಮನೆ ಎಮ್ಮೆ ಕಣಯ್ಯ."

ಅಮ್ಮನಿಗೆ ಮೊದಲು ನಗು ಬಂತು. ಆಮೇಲೆ ಅಕ್ಕನಿಗೆ. ಸೆಕ್ರೆಟರಿ ನಗಬಾರದು ಅಂತ ಗೊಂಚಲು ಕಚ್ಚಿಕೊಂಡರು, ಆಗಲಿಲ್ಲ. ಏನಾಯಿತೆಂದು ತಿಳಿಯದ ಪೋಸ್ಟ್‌ಮಾಸ್ಟರು ಎಲ್ಲರಿಗಿಂತ ಜೋರಾಗಿ ನಕ್ಕರು. ಅನೌನ್ಸರ್ ಮಾತ್ರ ನಡುಮನೆಯ ನಡುವೆ ರಿಮೋಟು ಹಿಡಿದು, ಬಸ್ಸು ಹೋದ ಮೇಲೆ ಬಂದ ಪ್ರಯಾಣಿಕನ ಹಾಗೆ ನಿಂತಿದ್ದ.

ಆಗಲೇ ಕೆಳಗೆ ಗಾಡಿ ನಿಂತ ಸದ್ದು. ಕಿಟಕಿಯಾಚೆ ಬೀದಿ ದೀಪ ಹತ್ತಿತು. ಅಂಗಡಿಯವನು ಹಗ್ಗ ಹಿಡಿದು ಮೇಲೆ ಬಂದ.

"ಮೇಡಂ, ವಾಪಸ್ ಅಂದಿದ್ರಿ, ತಗೊಂಡು ಹೋಗ್ಲಾ?" ಅಂತ ಕೇಳಿದವನು ಅಭ್ಯಾಸಬಲದಿಂದ ಟಿವಿಯ ಹಿಂದೆ ಇಣುಕಿದ. "ಅಯ್ಯೋ, ಇಷ್ಟೇ. ಟಿವಿ ವೈರನ್ನ ತಪ್ಪು ತೂತಿಗೆ ಹಾಕಿದ್ದೀರ. ಪಕ್ಕದ ತೂತಿಗೆ ಬದಲಾಯಿಸಿದ್ರೆ ಮುಗೀತು."

ಭಾವನ ಕೈ ಸ್ಕ್ರೂಡ್ರೈವರಿನ ಮೇಲೆ ಹೋಯಿತು. ಭಾಷಣ ಗಂಟಲಿಗೆ ಬಂದು ನಿಂತಿತ್ತು. ಅನೌನ್ಸರ್ ತಾನೇ ಹೋಗಿ ಖಾಲಿ ರಟ್ಟಿನ ಡಬ್ಬ ಎತ್ತಿಕೊಂಡ.

"ಅದನ್ನ ಕೆಳಗಿಡಿ" ಅಂದಳು ಹೆಂಡತಿ. ಕುರ್ಚಿಯಿಂದ ಏಳದೆಯೇ ಅಂದಳು.

"ಇಲ್ಲ, ನೀನು ಹೇಳಿದ್ದು ಸರಿ. ಮಿಕ್ಸಿ..."

"ಮನುಷ್ಯರ ಧ್ವನಿ ಬಂದ್ರೆ ಇರಲಿ ಅಂದಿದ್ದೆ. ಬಂತಲ್ಲ."

"ಅದು ಪೋಸ್ಟ್‌ಮಾಸ್ಟರ ಫೋನಿಂದಮ್ಮ" ಅಂದರು ಭಾವ. "ಇವನ ಸಾಧನೆ ಅದರಲ್ಲಿ ಏನಿದೆ? ವೈರು ಸರಿಯಾದ ತೂತಿಗೆ ಹಾಕೋಕೂ ಬರಲಿಲ್ಲ."

"ಬಂದಿದ್ರೆ ಟಿವಿ ಒದರ್ತಾ ಇರ್ತಿತ್ತು ಅಣ್ಣ, ನಾನು ಒಳಗೆ ನಿಂತು ನಿಮಗೆಲ್ಲ ಏನಾದ್ರೂ ಕರೀತಾ ಇರ್ತಿದ್ದೆ. ಈ ಮನೆಗೆ ಬಂದಾಗಿನಿಂದ ನನಗೆ 'ಸುಸ್ತಾಗಿದೆ ಅಂತ ಗೊತ್ತು, ಕೂತ್ಕೋ' ಅಂದಿದ್ದು ಇದೊಂದೇ." ಅವಳು ಅಂಗಡಿಯವನ ಕಡೆ ತಿರುಗಿದಳು. "ನೀವು ತೂತು ಮುಟ್ಟಬೇಡಿ. ನಾಳೆ ಬಂದು ಹಾಕಿ. ಈಗ ಬಾಗಿಲು ಹಾಕಿ ಕೂತ್ಕೊಳ್ಳಿ. ಸಾರ್, ಈ ಕ್ಲಾಸು ದಿನಾ ಇರುತ್ತಾ?"

ಪೋಸ್ಟ್‌ಮಾಸ್ಟರು ಕಿವಿಗುಂಡಿ ತೆಗೆದು, "ದಿನಾ ಇರುತ್ತಮ್ಮ" ಅಂದರು.

"ಹಾಗಾದ್ರೆ ದಿನಾ ಕೆಳಗೆ ಬನ್ನಿ. ನಿಮ್ಮ ಫೋನು, ನಮ್ಮ ಸ್ಪೀಕರು."

ಪೋಸ್ಟ್‌ಮಾಸ್ಟರು ಫೋನನ್ನು ಟಿವಿಯ ಮುಂದೆ ಆನಿಸಿಟ್ಟರು. ತೆರೆಯೊಳಗಿನ ಮೇಡಂ ಈ ಕಡೆ ನೋಡಿ, "ಪೋಸ್ಟ್‌ಮಾಸ್ಟರ್ ಸಾರ್, ಒಬ್ಬರೇ ಇದ್ರಿ, ಅಷ್ಟು ಜನ ಎಲ್ಲಿಂದ ಬಂದ್ರು?" ಅಂದರು. ಅಮ್ಮ ಫ್ರಿಜ್ಜಿನ ಮೇಲಿನ ಸ್ಪೀಕರಿಗೆ ಕೈ ಬೀಸಿದಳು. ಭಾವ ಅತ್ತಿತ್ತ ನೋಡಿ, ಯಾರೂ ಗಮನಿಸುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಆ ಇನ್ನೊಬ್ಬ ಚೌಕಳಿಯವನಿಗಿಂತ ತಮ್ಮದು ಕಡಿಮೆ ಕಾಣಲಿ ಅಂತ ಹೊಟ್ಟೆಯನ್ನು ಮತ್ತೆ ಒಳಗೆಳೆದುಕೊಂಡರು. ಅಂಗಡಿಯವನು ಹಗ್ಗವನ್ನು ತೊಡೆಯ ಮೇಲಿಟ್ಟು ಬೆನ್ನು ನೇರ ಮಾಡಿದ.

ಕುರ್ಚಿ ಮುಗಿದಿತ್ತು. ನಿಂತಿದ್ದವನು ಅನೌನ್ಸರ್ ಒಬ್ಬನೇ.

"ಎಲ್ಲರಿಗೂ ಕಾಫಿ ಆಗಬೇಕಿತ್ತಲ್ಲ" ಅಂದಳು ಅಕ್ಕ, ಯಾರಿಗೂ ಅಲ್ಲದ ಹಾಗೆ. ಹೆಂಡತಿ ಮತ್ತೆ ಕಣ್ಣು ಮುಚ್ಚಿದ್ದಳು. ಸೌಟು ಅವಳ ಮಡಿಲಲ್ಲಿತ್ತು. ಅನೌನ್ಸರ್ ಹೋಗಿ, ಮೆಲ್ಲಗೆ ಅವಳ ಬೆರಳು ಬಿಡಿಸಿ ಸೌಟು ತೆಗೆದುಕೊಂಡು ಅಡುಗೆಮನೆಗೆ ನಡೆದ.

ಒಲೆ ಹಚ್ಚಿದ. ಹಾಲು ಸಿಕ್ಕಿತು. ಕಾಫಿಪುಡಿ ಮೂಸಿ ನೋಡಿದ ಮೇಲೆ ಸಿಕ್ಕಿತು. ಒಂದೊಂದೇ ಡಬ್ಬಿಯ ಮುಚ್ಚಳ ತೆರೆದು ನೋಡಿದ, ಅಕ್ಕಿ, ಬೇಳೆ, ಉಪ್ಪು, ಇನ್ನೊಂದು ಉಪ್ಪು. ಕೊನೆಗೆ ಗಂಟಲು ಸರಿಪಡಿಸಿಕೊಂಡು, ಇಡೀ ನಿಲ್ದಾಣ ಎದ್ದು ಓಡುವ ಆ ಧ್ವನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಕೇಳಿದ.

"ಸಕ್ಕರೆ ಎಲ್ಲಿದೆ?"

ನಡುಮನೆಯಲ್ಲಿ ಸ್ಪೀಕರ್ ಆಗಷ್ಟೇ, "ಉಸಿರು ಒಳಗೆ ಎಳ್ಕೊಳ್ಳಿ, ನಾನು ಹೇಳೋವರೆಗೂ ಬಿಡಬೇಡಿ" ಅಂದಿತ್ತು. ಅಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರು.